ಹಾಡು ಕೇಳುವ ಕೋಣೆಗೆ ಎಂಥ ನೆಲ?

ಹೊಸ ಮನೆ ಕಟ್ಟಿಸುವಾಗ, ಫ್ಲಾಟ್ ಕೊಂಡು ಒಳಗಿನ ಕೆಲಸ ಮಾಡಿಸುವಾಗ, ಸಂಗೀತದ ಹುಚ್ಚಿರುವವರು ಒಂದು ಕೋಣೆಯನ್ನು ಹಾಡು ಕೇಳುವುದಕ್ಕೆಂದೇ ತೆಗೆದಿಡುತ್ತಾರೆ. ಸ್ಪೀಕರ್ ಯಾವುದು, ಆಂಪ್ಲಿಫೈಯರ್ ಯಾವುದು ಎಂದು ನಿಶ್ಚಯವಾದ ಮೇಲೆ ನೆಲಕ್ಕೆ ಏನು ಹಾಕಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಟೈಲ್ಸ್ ಹಾಕಿಸಿದರೆ ಧ್ವನಿ ಚುಚ್ಚುತ್ತದೆ, ಗ್ರಾನೈಟ್ ಹಾಕಿಸಿದರೆ ಒರಟಾಗುತ್ತದೆ, ಮರದ ನೆಲವಾದರೆ ಹಾಡಿಗೆ ಮಾರ್ದವ ಬರುತ್ತದೆ ಎಂದು ಅಂಗಡಿಯವರೂ ಹೇಳುತ್ತಾರೆ, ಗೆಳೆಯರೂ ಹೇಳುತ್ತಾರೆ. ಈ ಮಾತು ನಂಬಿ, ಚೆನ್ನಾಗಿಯೇ ಇದ್ದ ಟೈಲ್ಸ್ ಕೀಳಿಸಿ ಮರದ ಪಟ್ಟಿ ಹಾಕಿಸಿದವರೂ ಇದ್ದಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಂಕ್ರೀಟ್ ಸ್ಲ್ಯಾಬಿನ ಮೇಲೆ ನೀವು ಏನನ್ನು ಅಂಟಿಸಿದರೂ ಕಿವಿಗೆ ಸಿಗುವ ವ್ಯತ್ಯಾಸ ಅಲ್ಪ. ಅದರ ಮೇಲೆ ಏನನ್ನು ಹಾಸುತ್ತೀರಿ, ಎಷ್ಟು ದಪ್ಪ ಹಾಸುತ್ತೀರಿ, ಎಲ್ಲಿ ಹಾಸುತ್ತೀರಿ ಎಂಬುದರಿಂದಲೇ ಕೋಣೆಯ ಧ್ವನಿ ಬದಲಾಗುವುದು.

ಇದನ್ನು ಲೆಕ್ಕ ಹಾಕಿ ತೋರಿಸುವ ದಾರಿ ಕಂಡುಕೊಂಡವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಯುವ ಭೌತಶಾಸ್ತ್ರಜ್ಞ ವ್ಯಾಲೇಸ್ ಸಬೈನ್. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಮಾತಾಡಿದ್ದು ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಮಂದಿರದಲ್ಲೇ ಸುತ್ತುತ್ತಿತ್ತು. ಒಂದು ಪದದ ಮೇಲೆ ಇನ್ನೊಂದು ಪದ ಬಂದು ಬೀಳುತ್ತಿತ್ತು. ಸಬೈನ್ ರಾತ್ರಿ ಹೊತ್ತು, ಊರು ಮಲಗಿದ ಮೇಲೆ, ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು ಒಂದೊಂದಾಗಿ ಹಾಸುತ್ತ ಹೋದರು. ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ಸದ್ದು ಪೂರ್ತಿ ಅಡಗಲು ಎಷ್ಟು ಹೊತ್ತು ಬೇಕು ಎಂದು ತಮ್ಮ ಕಿವಿಯಿಂದಲೇ ಅಳೆದರು. ಮೆತ್ತೆ ಹೆಚ್ಚಿದಂತೆ ಸದ್ದು ಉಳಿಯುವ ಹೊತ್ತು ಒಂದು ನಿಯಮಕ್ಕೆ ಕಟ್ಟುಬಿದ್ದು ಕಡಿಮೆಯಾಯಿತು. ಈ ಉಳಿಕೆಗೆ ಅನುರಣನ ಎನ್ನುತ್ತಾರೆ. ಅದೇ ನಿಯಮದ ಆಧಾರದ ಮೇಲೆ ಬಾಸ್ಟನ್ನಿನ ಸಿಂಫನಿ ಹಾಲ್ ಕಟ್ಟಲಾಯಿತು. 1900ರಲ್ಲಿ ತೆರೆದ ಆ ಸಭಾಂಗಣದಲ್ಲಿ ಇಂದಿಗೂ ಕಚೇರಿಗಳು ನಡೆಯುತ್ತಿವೆ.

ಸಬೈನ್ ಅಳತೆಗೆ ತೆಗೆದುಕೊಂಡ ಮಾನ ತೆರೆದ ಕಿಟಕಿ. ತೆರೆದ ಕಿಟಕಿಯಿಂದ ಆಚೆ ಹೋದ ಸದ್ದು ವಾಪಸು ಬರುವುದಿಲ್ಲ. ಹಾಗಾಗಿ ಅದರ ಹೀರಿಕೆ 1. ಉಳಿದ ಎಲ್ಲ ಮೈಗಳನ್ನೂ ಅದಕ್ಕೆ ಹೋಲಿಸಿ ಹೇಳಬಹುದು. ನಯವಾದ ಟೈಲ್ಸ್, ಅಮೃತಶಿಲೆ, ಗ್ರಾನೈಟ್, ಗಟ್ಟಿ ಸಿಮೆಂಟು, ಇವೆಲ್ಲದರ ಹೀರಿಕೆ ಮಾತಿನ ಮುಖ್ಯ ಶ್ರೇಣಿಯಾದ 1000 ಹರ್ಟ್ಜ್ ಸುಮಾರಿನಲ್ಲಿ 0.01ರಿಂದ 0.02 ಅಷ್ಟೆ. ಅಜ್ಜನ ಕಾಲದ ರೆಡ್ ಆಕ್ಸೈಡ್ ನೆಲ, ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಇಳಕಲ್ಲಿನ ಗ್ರಾನೈಟ್, ಕಡಪ ಕಲ್ಲು, ಮೊಸಾಯಿಕ್, ಎಲ್ಲವೂ ಇದೇ ಗುಂಪು. ಕಣ್ಣಿಗೆ ಒಂದೊಂದೂ ಒಂದೊಂದು ಚೆಂದ. ಕಾಲಿಗೂ ವ್ಯತ್ಯಾಸ ತಿಳಿಯುತ್ತದೆ. ಸದ್ದಿಗೆ ಮಾತ್ರ ಎಲ್ಲವೂ ಒಂದೇ: ಬಂದದ್ದನ್ನು ಬಂದಷ್ಟೇ ಹಿಂದಕ್ಕೆ ಕಳಿಸುತ್ತವೆ. ವಿನೈಲ್ ಹಾಳೆ ಅಂಟಿಸಿದರೆ 0.03. ಕಾಂಕ್ರೀಟಿಗೆ ಅಂಟಿಸಿದ ಮರದ ಪಟ್ಟಿಗೆ 0.06. ಕಾಂಕ್ರೀಟಿನ ಮೇಲೆ ನೇರವಾಗಿ ಹಾಸಿದ ದಪ್ಪ ಕಾರ್ಪೆಟ್ಟಿಗೆ 0.37. ಅದೇ ಕಾರ್ಪೆಟ್ಟಿನ ಅಡಿಗೆ ದಪ್ಪ ಫೆಲ್ಟ್ (ನೇಯದೆ ಒತ್ತಿ ಮಾಡಿದ ಹಾಸು) ಹಾಕಿದರೆ 0.69.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವ ಕೋಣೆಯೊಂದನ್ನು ತೆಗೆದುಕೊಳ್ಳೋಣ: 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರ. ನೆಲ 180 ಚದರಡಿ. ಟೈಲ್ಸ್ ಹಾಕಿದರೆ ಆ ಅಷ್ಟೂ ನೆಲ ಸೇರಿ ಎರಡು ಚದರಡಿ ತೆರೆದ ಕಿಟಕಿಯಷ್ಟೂ ಸದ್ದು ಹೀರುವುದಿಲ್ಲ. ಮರದ ಪಟ್ಟಿ ಅಂಟಿಸಿದರೆ 11 ಚದರಡಿಯಷ್ಟು. ಈ ಕೋಣೆ ಪೂರ್ತಿ ಖಾಲಿಯಿದ್ದಾಗ ಅನುರಣನ ಮೂರು ಸೆಕೆಂಡ್ ಮೀರುತ್ತದೆ. ಸಾಮಾನು ಇಡುವ ಮುಂಚೆ ಹೊಸ ಮನೆಯಲ್ಲಿ ಮಾತಾಡಿದವರಿಗೆಲ್ಲ ಆ ಗುಂಯ್‌ಗುಡುವಿಕೆ ಗೊತ್ತು. ಒಂದು ಸೋಫಾ, ಪರದೆಗಳು, ಕೂತಿರುವ ಒಬ್ಬರು, ಇಷ್ಟು ಸೇರಿದರೆ ಸುಮಾರು 1.35 ಸೆಕೆಂಡಿಗೆ ಇಳಿಯುತ್ತದೆ. ಈಗ ಟೈಲ್ಸ್ ಕಿತ್ತು ಮರ ಅಂಟಿಸಿ, 1.2 ಸೆಕೆಂಡ್ ಆಗುತ್ತದೆ. ಟೈಲ್ಸನ್ನು ಅದರ ಪಾಡಿಗೆ ಬಿಟ್ಟು, ಆರಡಿ–ಒಂಬತ್ತಡಿಯ ದಪ್ಪ ಕಾರ್ಪೆಟ್ ಒಂದನ್ನು ಫೆಲ್ಟಿನ ಮೇಲೆ ಹಾಸಿ, 0.85ರ ಆಸುಪಾಸಿಗೆ ಬರುತ್ತದೆ. ನೆಲದ ಮೂರನೇ ಒಂದು ಪಾಲೂ ಮುಚ್ಚದ ಕಾರ್ಪೆಟ್ ಇಡೀ ಮರದ ನೆಲಕ್ಕಿಂತ ಮೂರು ಪಟ್ಟು ಹೆಚ್ಚು ಕೆಲಸ ಮಾಡಿತು. ಚಿಕ್ಕ ಕೋಣೆಗಳಲ್ಲಿ ಸಬೈನ್ ಸೂತ್ರ ಅಂದಾಜಿಗಷ್ಟೇ ಸರಿ, ಆದರೆ ಯಾವುದು ಹೆಚ್ಚು ಯಾವುದು ಕಡಿಮೆ ಎಂಬ ಈ ತಾರತಮ್ಯ ಅದರಿಂದ ಬದಲಾಗದು. ಕೇಳುವ ಕೋಣೆಗೆ 0.3ರಿಂದ 0.5 ಸೆಕೆಂಡ್ ಹಿತ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಕಾಂಕ್ರೀಟ್, ಪ್ಲಾಸ್ಟರ್ ಗೋಡೆಯ ಮನೆಗಳಲ್ಲಿ 0.6 ಸಿಕ್ಕರೂ ಸಂತೋಷಪಡಬೇಕು.

ಹಾಗಾದರೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿಸಿದರೆ ಮುಗಿಯಿತಲ್ಲ ಎನ್ನಬಹುದು. ಲೆಕ್ಕದ ಪ್ರಕಾರ 0.47 ಸೆಕೆಂಡ್ ಬರುತ್ತದೆ. ಆದರೆ ಆ ಲೆಕ್ಕ 1000 ಹರ್ಟ್ಜಿನದು. ತಬಲಾದ ಡಗ್ಗಾ ಗುಮ್ಮೆನ್ನುವ ನೂರರ ಆಸುಪಾಸಿನಲ್ಲಿ ಅದೇ ಕಾರ್ಪೆಟ್, ಅದೇ ಫೆಲ್ಟ್ ಹೀರುವುದು ಬರೀ 0.08. ಕಾರಣ ಸರಳ. ಗಟ್ಟಿ ನೆಲಕ್ಕೆ ತಾಗಿಕೊಂಡ ಗಾಳಿ ಅಲುಗಲಾರದು. ಸದ್ದಿನ ಅಲೆಯಲ್ಲಿ ಗಾಳಿ ಅತಿ ಹೆಚ್ಚು ಓಡಾಡುವುದು ನೆಲದಿಂದ ಅಲೆಯ ಉದ್ದದ ಕಾಲು ಭಾಗದಷ್ಟು ದೂರದಲ್ಲಿ. ಓಡಾಡುವ ಗಾಳಿಯನ್ನು ಎಳೆಗಳ ನಡುವೆ ಉಜ್ಜಿ ಸುಸ್ತು ಮಾಡುವುದೇ ಕಾರ್ಪೆಟ್ ಮಾಡುವ ಕೆಲಸ. 1000 ಹರ್ಟ್ಜಿಗೆ ಆ ಕಾಲು ಭಾಗ ಎಂಟೂವರೆ ಸೆಂಟಿಮೀಟರ್. 100 ಹರ್ಟ್ಜಿಗೆ 86 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಸೊಂಟದೆತ್ತರ. ಬೆರಳು ದಪ್ಪದ ಹಾಸು ಅಲ್ಲಿಗೆ ಮುಟ್ಟುವುದು ಎಲ್ಲಿಂದ ಬಂತು? ಹಾಗಾಗಿ ಪೂರ್ತಿ ಕಾರ್ಪೆಟ್ ಹಾಕಿದ ಕೋಣೆಯಲ್ಲಿ ತಂಬೂರಿಯ ಝೇಂಕಾರದ ಮೇಲಿನ ಹೊಳಪು, ತಬಲಾ ಕಿನಾರಿನ ಟಂಕಾರ, ಹಾಡುಗಾರರ ಉಸಿರು, ಎಲ್ಲ ಮಂಕಾಗುತ್ತವೆ. ಡಗ್ಗಾ ಮಾತ್ರ ಮೊದಲಿನಂತೆಯೇ ಗುಡುಗುತ್ತದೆ. ಇದು ಬರೀ ಟೈಲ್ಸಿನ ಕೋಣೆಗಿಂತ ಕೆಟ್ಟ ಸ್ಥಿತಿ ಎನ್ನುವುದು ನನ್ನ ಅನಿಸಿಕೆ. ಟೈಲ್ಸ್ ಕೋಣೆಯಲ್ಲಿ ಎಲ್ಲವೂ ಜಾಸ್ತಿ, ಇಲ್ಲಿ ಸಮತೋಲವೇ ಹೋಗಿರುತ್ತದೆ.

ಇನ್ನು ಎಲ್ಲಿ ಹಾಸಬೇಕು ಎಂಬ ವಿಚಾರ. ಸ್ಪೀಕರಿನಿಂದ ಹೊರಟ ಸದ್ದು ನಿಮ್ಮ ಕಿವಿಗೆ ನೇರವಾಗಿ ಬರುತ್ತದೆ. ಇನ್ನೊಂದು ಪಾಲು ನೆಲಕ್ಕೆ ಬಡಿದು, ಪುಟಿದು, ಒಂದಿಷ್ಟು ತಡವಾಗಿ ಬರುತ್ತದೆ. ಸ್ಪೀಕರಿನ ದೊಡ್ಡ ಕೋನ್ ನೆಲದಿಂದ 85 ಸೆಂಟಿಮೀಟರ್ ಎತ್ತರದಲ್ಲಿದೆ, ಕುರ್ಚಿಯಲ್ಲಿ ಕೂತ ನಿಮ್ಮ ಕಿವಿ ಒಂದು ಮೀಟರ್ ಎತ್ತರದಲ್ಲಿದೆ, ನಡುವೆ ಎರಡೂವರೆ ಮೀಟರ್ ಅಂತರ ಎಂದಿಟ್ಟುಕೊಳ್ಳಿ. ನೇರ ದಾರಿಗಿಂತ ನೆಲದ ದಾರಿ 60 ಸೆಂಟಿಮೀಟರ್ ಉದ್ದ. ಅಲೆಯ ಉದ್ದ ಇದರ ಎರಡರಷ್ಟಿರುವ ಸ್ವರಕ್ಕೆ ಏರುವ ಅಲೆಯೂ ಇಳಿಯುವ ಅಲೆಯೂ ಎದುರುಬದುರಾಗಿ ಒಂದನ್ನೊಂದು ತಿನ್ನುತ್ತವೆ. ಅದು ಸುಮಾರು 280 ಹರ್ಟ್ಜ್. ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ತಾರ ಷಡ್ಜ 277 ಹರ್ಟ್ಜ್. ಆಲಾಪದಲ್ಲಿ ಮೆಲ್ಲಮೆಲ್ಲಗೆ ಏರಿ ತಾರ ಷಡ್ಜಕ್ಕೆ ಬಂದು ನಿಲ್ಲುವ ಆ ಗಳಿಗೆಗೇ ಕೇಳುಗ ಕಾದಿರುತ್ತಾನೆ. ಅಲ್ಲೇ ಸ್ವರದ ಮೈ ಸೊರಗಿದರೆ ಎಷ್ಟು ನಷ್ಟ! ವಾಸ್ತವದಲ್ಲಿ ಗೋಡೆಗಳ ಪ್ರತಿಫಲನಗಳು ಸೇರಿಕೊಂಡು ಈ ತಗ್ಗನ್ನು ಸ್ವಲ್ಪ ತುಂಬುತ್ತವೆ. ನಾವು ಹುಟ್ಟಿದಾಗಿನಿಂದ ನೆಲದ ಮೇಲೇ ನಿಂತು ಮಾತು ಕೇಳಿದವರಾದ್ದರಿಂದ ಕಿವಿಯೂ ಇದಕ್ಕೆ ಒಗ್ಗಿಕೊಂಡಿದೆ. ಹಾಗಿದ್ದರೂ ತಗ್ಗು ಇರುವುದು ನಿಜ, ಅಳೆದರೆ ಕಾಣುತ್ತದೆ.

ಈ ತಗ್ಗನ್ನು ಕಾರ್ಪೆಟ್ ಸರಿಮಾಡುತ್ತದೆಯೇ? ಇಲ್ಲ. 280 ಹರ್ಟ್ಜಿನಲ್ಲಿ ಕಾರ್ಪೆಟ್ ಹೀರುವುದು ಸುಮಾರು ಕಾಲು ಭಾಗ ಅಷ್ಟೆ. ಇಲ್ಲಿ ಕೆಲಸಕ್ಕೆ ಬರುವುದು ಜಾಗದ ಬದಲಾವಣೆ. ಕುರ್ಚಿಯನ್ನು ಒಂದಡಿ ಮುಂದಕ್ಕೆ ಎಳೆದು ನೋಡಿ, ಸ್ಟ್ಯಾಂಡಿನ ಎತ್ತರ ಬದಲಿಸಿ ನೋಡಿ. ತಗ್ಗು ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಕಾರ್ಪೆಟ್ ಸಹಾಯ ಮಾಡುವುದು ಅದಕ್ಕಿಂತ ಮೇಲಿನ ಶ್ರೇಣಿಯಲ್ಲಿ: ‘ಸ’ಕಾರ ‘ಶ’ಕಾರಗಳ ಸೀಳು, ಸಿತಾರ್ ಮೀಟಿನ ಮೊನೆ ಇವು ನೆಲದಿಂದ ಎರಡನೇ ಸಲ ಬರದಂತೆ ಅದು ತಡೆಯುತ್ತದೆ. ಅದಕ್ಕೆ ಸರಿಯಾದ ಜಾಗ ಹುಡುಕಲು ಒಂದು ಕನ್ನಡಿ ಸಾಕು. ನೀವು ಯಾವಾಗಲೂ ಕೂರುವಲ್ಲಿ ಕೂತುಕೊಳ್ಳಿ. ಮನೆಯವರೊಬ್ಬರು ಕನ್ನಡಿಯನ್ನು ನೆಲದ ಮೇಲೆ ಅಂಗಾತ ಇಟ್ಟು ಸ್ಪೀಕರಿನ ಕಡೆಯಿಂದ ನಿಮ್ಮ ಕಡೆಗೆ ಸರಿಸುತ್ತ ಬರಲಿ. ಕನ್ನಡಿಯಲ್ಲಿ ಸ್ಪೀಕರಿನ ಮುಖ ಎಲ್ಲಿ ಕಾಣುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಮೇಲಿನ ಅಳತೆಯ ಪ್ರಕಾರ ಅದು ಸ್ಪೀಕರಿನಿಂದ ಒಂದು ಮೀಟರಿಗಿಂತ ಸ್ವಲ್ಪ ಆಚೆ ಸಿಗುತ್ತದೆ. ಎರಡೂ ಸ್ಪೀಕರಿಗೆ ಹೀಗೆ ಮಾಡಿ, ಎರಡೂ ಗುರುತು ಮುಚ್ಚುವ ಹಾಗೆ ಹಾಸಿ. ಕಾಫಿ ಟೇಬಲ್ ಆ ಜಾಗದಲ್ಲಿದ್ದರೆ ಮೊದಲು ಅದನ್ನು ಎತ್ತಿ ಆಚೆ ಇಡಿ. ಗಾಜಿನ ಮೇಲ್ಮೈಯ ಟೇಬಲ್ ಇನ್ನೊಂದು ನೆಲವಿದ್ದಂತೆ. ಅದೂ ಕಿವಿಗೆ ಹತ್ತಿರ.

ಚಪ್ಪಾಳೆ ತಟ್ಟಿದಾಗ ಝಿಂಯ್ ಎಂದು ಲೋಹದಂಥ ಬಾಲ ಕೇಳಿಸಿದರೆ ಅದು ನೆಲಕ್ಕೂ ತಾರಸಿಗೂ ನಡುವಿನ ಪುಟಿದಾಟವಿರಬಹುದು. ಹತ್ತಡಿ ಎತ್ತರದ ಕೋಣೆಯಲ್ಲಿ ಸದ್ದು ಮೇಲೆ ಹೋಗಿ ಕೆಳಗೆ ಬರಲು 18 ಮಿಲಿಸೆಕೆಂಡ್ ಸಾಕು, ಸೆಕೆಂಡಿಗೆ 56 ಸಲ. ಇದನ್ನು ಮುರಿಯಲು ಎರಡರಲ್ಲಿ ಒಂದನ್ನು ಮೆತ್ತಗೆ ಮಾಡಿದರೆ ಸಾಕು.

ಏನನ್ನು ಹಾಸಬೇಕು ಎಂಬುದಕ್ಕೆ ದುಬಾರಿ ಉತ್ತರ ಬೇಕಿಲ್ಲ. ಒಂದೇ ಪರೀಕ್ಷೆ: ಬಾಯಿಗೆ ಒತ್ತಿಕೊಂಡು ಊದಿ. ಉಸಿರು ಕಷ್ಟಪಟ್ಟಾದರೂ ಆಚೆ ಹೋಗಬೇಕು. ಸುಲಭವಾಗಿ ಹೋದರೆ ಬಟ್ಟೆ ತೆಳು, ಸದ್ದೂ ಹಾಗೇ ಹಾಯ್ದು ನೆಲ ಮುಟ್ಟುತ್ತದೆ. ಹೋಗಲೇ ಇಲ್ಲವೆಂದರೆ ಅದು ಮೆತ್ತಗಿದ್ದರೂ ಸದ್ದಿಗೆ ಗೋಡೆಯೇ. ಮಕ್ಕಳ ಆಟಕ್ಕೆ ಜೋಡಿಸಿ ಹಾಸುವ ಫೋಮ್ ಚೌಕಗಳು, ಯೋಗ ಮಾಡುವ ಮ್ಯಾಟ್, ಪ್ಲಾಸ್ಟಿಕ್ ಚಾಪೆ, ಎಲ್ಲ ಈ ಪರೀಕ್ಷೆಯಲ್ಲಿ ಬೀಳುತ್ತವೆ. ರಬ್ಬರ್ ಬೆನ್ನಿನ ಕಾರ್ಪೆಟ್ ಅಡಿಗೆ ಫೆಲ್ಟ್ ಹಾಕಿದರೂ ಪ್ರಯೋಜನ ಕಡಿಮೆ, ಯಾಕೆಂದರೆ ಗಾಳಿ ಫೆಲ್ಟಿನವರೆಗೆ ಇಳಿಯುವುದೇ ಇಲ್ಲ. ಈಚಲ ಚಾಪೆ, ನಾರಿನ ಚಾಪೆ ಒಂಟಿಯಾಗಿ ಹೆಚ್ಚೇನೂ ಮಾಡವು.

ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ಮಗ್ಗದ ಮೇಲೆ ಹತ್ತಿ ನೂಲಿನಲ್ಲಿ ನೇಯುವ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ನೇಯ್ಗೆ ಬಿಗಿ, ಬಣ್ಣ ಸೊಗಸು. ಬರೀ ಟೈಲ್ಸಿನ ಮೇಲೆ ಹಾಸಿದರೆ ತೀರಾ ಮೇಲಿನ ಸ್ವರಗಳನ್ನಷ್ಟೇ ಅದು ಹಿಡಿಯುತ್ತದೆ. ಅದರಡಿಗೆ ಚಳ್ಳಕೆರೆ ಕಡೆಯ ಒರಟು ಕುರಿಯುಣ್ಣೆ ಕಂಬಳಿಯನ್ನು ಎರಡು ಮಡಿಕೆ ಮಾಡಿ ಹಾಕಿ. ಮೇಲಿನದು ಹತ್ತಿ, ಕೆಳಗಿನದು ಉಣ್ಣೆ, ಎರಡೂ ಗಾಳಿಯಾಡುವಂಥವು. ಬೆಲೆಬಾಳುವ ಆಮದು ರತ್ನಗಂಬಳಿ ಮಾಡುವ ಕೆಲಸದ ಬಹುಪಾಲನ್ನು ಈ ಜೋಡಿ ಮಾಡುತ್ತದೆ, ನೇಕಾರರಿಗೂ ನಾಲ್ಕು ಕಾಸು ಸೇರುತ್ತದೆ.

ಇದಕ್ಕಿಂತಲೂ ಒಳ್ಳೆಯದು ನಮ್ಮ ಬೈಠಕ್. ಉತ್ತರ ಕರ್ನಾಟಕದ ಮನೆಗಳಲ್ಲಿ ಸಂಗೀತದ ಬೈಠಕ್ ನಡೆಸುವಾಗ ನಾಲ್ಕು ಬೆರಳು ದಪ್ಪದ ಹತ್ತಿಯ ಗಾದಿ ಹಾಸಿ, ಬಿಳಿ ಚಾದರ ಹೊದಿಸಿ, ಲೋಡು ಇಟ್ಟು ಕೂರುತ್ತಾರೆ. ಅಷ್ಟು ದಪ್ಪ ಹತ್ತಿ, ಅದೂ ಕೋಣೆಯ ಬಹುಭಾಗ. ಕಾರ್ಪೆಟ್ ಕೈಬಿಡುವ ನಡು ಶ್ರೇಣಿಯಲ್ಲೂ ಅದು ಸದ್ದನ್ನು ಹಿಡಿದುಕೊಳ್ಳುತ್ತದೆ. ಜನ ಕೂತರೆ ಅವರ ಮೈ, ಬಟ್ಟೆ ಬೇರೆ. ಸ್ಪೀಕರಿನಲ್ಲಿ ಕೇಳುವವರೂ ಇದೇ ಏರ್ಪಾಡು ಮಾಡಿಕೊಳ್ಳಬಹುದು. ಒಂದು ವಿಷಯ ನೆನಪಿಡಬೇಕು: ನೆಲದ ಮೇಲೆ ಕೂತಾಗ ಕಿವಿ ಮುಕ್ಕಾಲು ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಹೆಚ್ಚಿನ ಸ್ಪೀಕರ್‌ಗಳನ್ನೂ ಸ್ಟ್ಯಾಂಡುಗಳನ್ನೂ ಕುರ್ಚಿಯಲ್ಲಿ ಕೂರುವವರಿಗೆಂದೇ ಮಾಡಿರುತ್ತಾರೆ. ಮೇಲಿನ ಸ್ವರ ಹೊರಡಿಸುವ ಟ್ವೀಟರ್ ತಲೆಯ ಮೇಲಿಂದ ಹಾದುಹೋದರೆ ಹಾಡು ಮಬ್ಬಾಗುತ್ತದೆ. ಗಿಡ್ಡ ಸ್ಟ್ಯಾಂಡ್ ಮಾಡಿಸಿಕೊಳ್ಳಿ, ಇಲ್ಲವೇ ಹಿಂದಿನ ಅಂಚಿಗೆ ತೆಳ್ಳನೆಯ ಕಟ್ಟಿಗೆ ಕೊಟ್ಟು ಸ್ಪೀಕರ್ ಮುಂದಕ್ಕೆ ಬಾಗುವಂತೆ ಮಾಡಿ.

ನಿಜವಾದ ಮರದ ನೆಲ ಬೇರೆಯದೇ ಸಂಗತಿ. ಮಲೆನಾಡಿನ, ಕರಾವಳಿಯ ಹಳೆಯ ಮನೆಗಳ ಉಪ್ಪರಿಗೆಯಲ್ಲಿ ತೊಲೆಗಳ ಮೇಲೆ ಹಲಗೆ ಹಾಸಿರುತ್ತಾರೆ, ಕೆಳಗೆ ಟೊಳ್ಳು. ಆ ಹಲಗೆ ತಾನೇ ಕಂಪಿಸುತ್ತ ಕೆಳಗಿನ ಸ್ವರಗಳನ್ನು ಒಂದಿಷ್ಟು ನುಂಗುತ್ತದೆ: 125 ಹರ್ಟ್ಜಿನಲ್ಲಿ 0.15, ಟೈಲ್ಸಿಗಿಂತ ಎಷ್ಟೋ ಪಟ್ಟು ಹೆಚ್ಚು. ಮರದ ಕೋಣೆಯಲ್ಲಿ ಹಾಡು ಹದವಾಗಿ ಕೇಳಿಸುತ್ತದೆ ಎಂಬ ಮಾತು ಹುಟ್ಟಿದ್ದು ಇಂಥ ನೆಲಗಳಿಂದ ಇರಬೇಕು. ಸ್ಲ್ಯಾಬಿಗೆ ಅಂಟಿಸಿದ ಪಟ್ಟಿಗೆ ಆ ಗುಣವಿಲ್ಲ, ಯಾಕೆಂದರೆ ಅದು ಅಲುಗುವಂತೆಯೇ ಇಲ್ಲ. ಉಪ್ಪರಿಗೆಯ ನೆಲಕ್ಕೆ ಅದರದೇ ತೊಡಕುಗಳಿವೆ. ಯಾರಾದರೂ ನಡೆದರೆ ರೆಕಾರ್ಡಿನ ಮೇಲಿನ ಸೂಜಿ ಹಾರುತ್ತದೆ. ರೆಕಾರ್ಡ್ ಪ್ಲೇಯರನ್ನು ಗೋಡೆಗೆ ಹೊಡೆದ ಗಟ್ಟಿ ಶೆಲ್ಫಿನ ಮೇಲಿಡುವುದು ಮೇಲು. ಸ್ಪೀಕರನ್ನು ಹಲಗೆಯ ನಟ್ಟನಡುವೆ ಇಡದೆ, ತೊಲೆಗಳು ಗೋಡೆಯೊಳಗೆ ಕೂರುವ ಅಂಚಿನ ಹತ್ತಿರಕ್ಕೆ ಸರಿಸಿ, ಅಡಿಗೆ ರಬ್ಬರ್ ತುಂಡು ಕೊಡಿ. ಸ್ಲ್ಯಾಬಿನ ಮೇಲೆ ಈ ಯಾವ ರಗಳೆಯೂ ಇಲ್ಲ. ಕಾಂಕ್ರೀಟ್ ನೆಲ ಸ್ಪೀಕರಿಗೆ ಅತ್ಯುತ್ತಮ ಆಸರೆ. ಸ್ಪೀಕರಿನ ಅಡಿಗೆ ಮೊನಚು ಕಾಲು ಹಾಕಿದರೆ ಟೈಲ್ಸ್ ಗೀರುತ್ತದೆ ಅಷ್ಟೆ. ಕಾರ್ಪೆಟ್ಟಿನ ಮೇಲಿಟ್ಟ ಸ್ಪೀಕರ್ ಓಲಾಡದಂತೆ ನಿಲ್ಲಲು ಮಾತ್ರ ಆ ಮೊನೆ ಬೇಕು.

ಕೆಳಗಿನ ಮನೆಯವರ ವಿಚಾರದಲ್ಲೊಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಕಾರ್ಪೆಟ್ ಹಾಸಿದರೆ ನಮ್ಮ ಹಾಡು ಕೆಳಗೆ ಕೇಳಿಸುವುದಿಲ್ಲ ಎಂದುಕೊಳ್ಳುತ್ತಾರೆ. ಕುರ್ಚಿ ಎಳೆದ ಸದ್ದು, ಹೆಜ್ಜೆಯ ಸದ್ದು, ಬಿದ್ದ ಪಾತ್ರೆಯ ಸದ್ದು, ಇವು ಬಡಿತದ ಸದ್ದುಗಳು. ಕಾರ್ಪೆಟ್ ಇವನ್ನು ಹುಟ್ಟುವಲ್ಲೇ ತಡೆಯುತ್ತದೆ. ಗಾಳಿಯಲ್ಲಿ ಹೊರಟ ಡಗ್ಗಾದ ನಾದ ಇಡೀ ಸ್ಲ್ಯಾಬನ್ನೇ ಅಲುಗಿಸಿ ಕೆಳಗಿಳಿಯುತ್ತದೆ. ಅದನ್ನು ತಡೆಯುವುದು ಸ್ಲ್ಯಾಬಿನ ತೂಕವೇ ಹೊರತು ಮೇಲಿನ ಹಾಸಲ್ಲ. ಸಬ್‌ವೂಫರ್ ಅಡಿಗೆ ದಪ್ಪ ರಬ್ಬರ್ ಕೊಟ್ಟರೆ ನೇರವಾಗಿ ಇಳಿಯುವ ಅದುರು ಕಡಿಮೆಯಾಗುತ್ತದೆ. ಮಿಕ್ಕದ್ದಕ್ಕೆ ರಾತ್ರಿ ಹತ್ತರ ಮೇಲೆ ವಾಲ್ಯೂಮ್ ಇಳಿಸುವುದೇ ಮದ್ದು.

ಮಂಗಳೂರು, ಕಾರವಾರ, ಆಗುಂಬೆ ಕಡೆಯವರು ನೆಲದ ಹಾಸಿನ ಬಗ್ಗೆ ಎರಡು ಸಲ ಯೋಚಿಸಬೇಕು. ಮಳೆಗಾಲದಲ್ಲಿ ದಪ್ಪ ಕಾರ್ಪೆಟ್ಟೂ ಫೆಲ್ಟೂ ತೇವಗೊಂಡು ಬೂಷ್ಟು ಹಿಡಿಯುತ್ತವೆ. ಉಬ್ಬಸ ಇರುವವರಿಗಂತೂ ಆ ಕೋಣೆ ಸೇರದು. ಅಂಥಲ್ಲಿ ಒಗೆದು ಒಣಗಿಸಬಹುದಾದ ಜಮಖಾನ ಸಾಕು, ಹೀರಿಕೆಯ ಕೆಲಸವನ್ನು ತಾರಸಿಗೆ ವಹಿಸಿ. ಎರಡು ಇಂಚು ದಪ್ಪದ ರಾಕ್‌ವುಲ್ (ಕಲ್ಲಿನ ಎಳೆಗಳ) ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿ, ತಾರಸಿಯಿಂದ ಎರಡಿಂಚು ಕೆಳಗೆ ತೂಗುಹಾಕಿದರೆ ಯಾವ ಕಾರ್ಪೆಟ್ಟಿಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತವೆ. ಕಾಲಿಗೆ ತಾಗುವುದಿಲ್ಲ, ನೆಲ ಒರೆಸಲು ಅಡ್ಡಿಯಿಲ್ಲ. ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ಇರುವವರಿಗೆ ಇನ್ನೊಂದು ಲಾಭ ತಾನಾಗಿ ಸಿಕ್ಕಿರುತ್ತದೆ. ಹಿಂದೆ ಟೊಳ್ಳಿರುವ ಬೋರ್ಡು 125 ಹರ್ಟ್ಜಿನಲ್ಲಿ 0.29ರಷ್ಟು ಹೀರುತ್ತದೆ, 180 ಚದರಡಿಗೆ 52 ಚದರಡಿ ತೆರೆದ ಕಿಟಕಿಯಷ್ಟಾಯಿತು. ಕಾರ್ಪೆಟ್ಟಿಗೆ ನಿಲುಕದ ಮಂದ್ರವನ್ನು ಅದು ನೋಡಿಕೊಳ್ಳುತ್ತದೆ.

ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಮನೆಯಲ್ಲಿರುವ ಹಾಸಿಗೆಯನ್ನು ಒಂದು ಸಂಜೆ ಆ ಕೋಣೆಗೆ ಎಳೆದು ತನ್ನಿ. ಕನ್ನಡಿಯಲ್ಲಿ ಗುರುತಿಸಿದ ಜಾಗಕ್ಕೆ ಹಾಸಿ. ನಿಮಗೆ ಬಾಯಿಪಾಠವಾಗಿರುವ ಒಂದು ಹಾಡನ್ನು, ಅದರಲ್ಲೂ ಒಬ್ಬರೇ ಹಾಡಿದ, ತಂಬೂರಿ ಸ್ಪಷ್ಟವಾಗಿರುವ ಧ್ವನಿಮುದ್ರಣವನ್ನು ಅದೇ ವಾಲ್ಯೂಮಿನಲ್ಲಿ ಹಾಸಿಗೆಯಿದ್ದಾಗ ಒಮ್ಮೆ, ಎತ್ತಿದಾಗ ಒಮ್ಮೆ ಕೇಳಿ. ವ್ಯತ್ಯಾಸ ಹಿತವೆನಿಸಿದರೆ ಜಮಖಾನ, ಕಂಬಳಿ, ಗಾದಿ ಯಾವುದಾದರೂ ತನ್ನಿ. ಹಿತವೆನಿಸದಿದ್ದರೆ ತೊಂದರೆ ಬೇರೆಡೆಯಿದೆ, ಗೋಡೆಯನ್ನೂ ಮೂಲೆಗಳನ್ನೂ ನೋಡಿ. ಟೈಲ್ಸನ್ನು ಮಾತ್ರ ಕೀಳಿಸಬೇಡಿ.